ಮೂರನೆಯ ಹೋಳಿಗೆ

ದಿನಕ್ಕೆ ಎರಡಕ್ಕಿಂತ ಹೆಚ್ಚು ಸಿಹಿ ಬೇಕೆಂದರೆ, ಸಿಹಿಯನ್ನು ಮಿತಿಮೀರಿ ತಿನ್ನುವುದಕ್ಕೆ ಒಂದು ಹೊಸ ಪದ ಕಟ್ಟಿ ಹೇಳಬೇಕು. ನಾಡಿನಲ್ಲಿ ಯಾರಾದರೂ ಆಗಲೇ ಹೇಳಿದ ಪದ ನಡೆಯದು. ಈ ಕಾನೂನು ಬಂದಾಗಿನಿಂದ ಪ್ರತಿ ಮನೆಯ ಸಿಹಿಡಬ್ಬಿಗೂ ಕಿವಿಯಿತ್ತು, ಬಾಯಿಯಿತ್ತು.

ಆರು ತಿಂಗಳ ಬಸುರಿ ದಾಕ್ಷಾಯಣಿಗೆ ಮೂರನೆಯ ಹೋಳಿಗೆಯ ಬಯಕೆ.

"ಹೋಳಿಗಿಹೊರಿ," ಎಂದಳು.

"ಕಂಪ್ಲಿ ಊರಿನವರು ಯಾರೋ ಆಗಲೇ ಹೇಳ್ಯಾರ," ಅಂದಿತು ಡಬ್ಬಿ.

"ಸಿಹಿಸುಸ್ತು."

"ಅದೂ ಹಳೇದು."

ಸೊಸೆಯ ಕಣ್ಣು ತುಂಬಿದ್ದನ್ನು ಸಾವಂತ್ರವ್ವ ನೋಡಿದಳು. ಗಂಡ ತೀರಿ ಆರು ವರ್ಷವಾದರೂ ಆಕೆ ಒಮ್ಮೆಯೂ ಅವನ ಹೆಸರು ಹೇಳಿದವಳಲ್ಲ. ಕಚೇರಿಯಲ್ಲಿ ಕೇಳಿದರೆ ಪಕ್ಕದವರಿಂದ ಹೇಳಿಸುತ್ತಿದ್ದಳು. ಈಗ ಸೆರಗು ಸರಿಮಾಡಿಕೊಂಡು ಡಬ್ಬಿಯ ಹತ್ತಿರ ಬಂದಳು.

"ರಾಚಪ್ಪಿಸೋದು," ಎಂದಳು ಮೆಲ್ಲಗೆ. "ನಮ್ಮ ಮದಿವ್ಯಾಗ ಅವರು ಹದಿನೇಳು ಹೋಳಿಗಿ ತಿಂದು, ನನ್ನ ಹೆಗಲು ಹಿಡಕೊಂಡು ಎದ್ದಿದ್ರು."

ಡಬ್ಬಿ ತೆರೆಯಿತು. "ಹೊಸದು. ನಾಳೆಯಿಂದ ನಿಘಂಟಿನಾಗ ಇರತೈತಿ."

ದಾಕ್ಷಾಯಣಿ ಹೋಳಿಗೆ ಮುರಿದು ಮೊದಲ ತುತ್ತನ್ನು ಅತ್ತೆಯ ಬಾಯಿಗಿಟ್ಟಳು. "ನನ್ನ ಸಲುವಾಗಿ ಮಾವಾರ ಹೆಸರು ಹೇಳಿದ್ರಲ್ಲ, ಅತ್ತಿ."

ಸಾವಂತ್ರವ್ವ ನಿಧಾನಕ್ಕೆ ಅಗಿದಳು. "ಈಗ ಅದು ನಿಘಂಟಿನ ಮಾತವ್ವ," ಎಂದಳು. "ಇನ್ನ ನಾನೂ ದಿನಾ ಹೇಳಬಹುದು."