ಸೊನ್ನೆ ಬರೆದ ಕೇಕು

ಮ್ಯಾನೇಜರು ಕೇಕಿನ ತುಂಡನ್ನು ದೂರು ವಿಭಾಗದ ಹುಡುಗಿಯ ಬಾಯಿಗೆ ತುರುಕಿದಾಗ ಅವರ ಬೆರಳು ಅವಳ ಹಲ್ಲಿಗೆ ತಾಗಿತು. ಕೇಕಿನ ಮೇಲೆ ಕ್ರೀಮಿನಲ್ಲಿ ದೊಡ್ಡದೊಂದು ಸೊನ್ನೆ ಬರೆದಿತ್ತು. ಅವರ ಕಂಪ್ಯೂಟರ್ ಕಂಪನಿಯಲ್ಲಿ ಈ ತಿಂಗಳು ಬಾಕಿ ಉಳಿದ ದೂರುಗಳ ಸಂಖ್ಯೆ ಅದು. "ಎಲ್ಲ ನಮ್ಮ ಈ ಹುಡುಗಿಯ ತಲೆಯ ಕೆಲಸ!" ಎಂದರು ಮ್ಯಾನೇಜರು.

ಅವಳು ಹೇಳಿದ್ದು ಇಷ್ಟೇ: ರಿಪೇರಿ ಸರಿಯಾಯಿತೇ ಎಂದು ಗ್ರಾಹಕರನ್ನು ಕೇಳೋಣ, ಎರಡು ದಿನ ಕಾದರೂ ಉತ್ತರ ಬರದಿದ್ದರೆ ದೂರು ಮುಗಿಸೋಣ. ಮ್ಯಾನೇಜರು ಎರಡು ದಿನವನ್ನು ಒಂದು ಗಂಟೆಗೆ ಇಳಿಸಿ, ಪ್ರಶ್ನೆಯನ್ನು ಬೆಳಗಿನ ಜಾವ ಮೂರಕ್ಕೆ ಕಳಿಸಿದರು. ನಿದ್ದೆಯಲ್ಲಿದ್ದವರು ಉತ್ತರಿಸಲಿಲ್ಲ. ಕೆಟ್ಟ ಕಂಪ್ಯೂಟರುಗಳು ಕೆಟ್ಟೇ ಇದ್ದವು, ದೂರುಗಳು ಮಾತ್ರ ಮುಚ್ಚಿಹೋದವು.

"ಜನ ಉಗಿಯೋದಿಲ್ವಾ ಸಾರ್?" ಎಂದು ರಿಪೇರಿ ವಿಭಾಗದ ಹಿರಿಯರು ಮೆಲ್ಲಗೆ ಕೇಳಿದರು.

"ಮೌನಂ ಸಮ್ಮತಿ ಲಕ್ಷಣಂ ಕಣ್ರೀ!" ಎಲ್ಲರೂ ನಕ್ಕರು. ಮ್ಯಾನೇಜರು ಅವಳ ಕಡೆ ತಿರುಗಿದರು. "ನಾಳೆಯಿಂದ ಎಲ್ಲ ಶಾಖೆಗಳಲ್ಲೂ ಇದೇ ಪದ್ಧತಿ, ನಿನ್ನ ಹೆಸರಲ್ಲೇ. ಒಪ್ಪಿಗೆ ತಾನೇನಮ್ಮಾ?"

ಅವಳ ಬಾಯಿ ತುಂಬ ಕೇಕಿತ್ತು. ಅವರು ಕೈಗಡಿಯಾರ ನೋಡುತ್ತಾ, "ಒಂದು, ಎರಡು, ಮೂರು... ಮಾತಿಲ್ಲ ನೋಡಿ, ಒಪ್ಪಿಗೆ!" ಎಂದರು. ಚಪ್ಪಾಳೆ ಬಿತ್ತು. ಮೇಜಿನ ಮೇಲೆ ಅವಳ ಬಡ್ತಿಯ ಪತ್ರ ಸಹಿಯಾಗಿ ಕೂತಿತ್ತು, ನುಂಗಿಬಿಟ್ಟರೆ ಆಗಿತ್ತು. ಅವಳು ಬಗ್ಗಿ, ಬಾಯಲ್ಲಿದ್ದುದನ್ನೆಲ್ಲ ಆ ಸೊನ್ನೆಯ ನಡುವೆ ಉಗಿದಳು.

"ನನ್ನದೊಂದು ದೂರಿದೆ ಸಾರ್," ಎಂದಳು.