ಕಸ್ತೂರಿಯ ಹೊಂಗೆ

ನಮ್ಮೂರ ಶಾಲೆಯ ಗಿಡಗಳು ನೀರು ಹಾಕುವವರ ದನಿಯಲ್ಲೇ ಮಾತಾಡುತ್ತವೆ. ಕೈ ಬದಲಾದರೆ ದನಿಯೂ ಬದಲು. ಶಾಲೆಯ ಹುಡುಗಿ ಕಸ್ತೂರಿ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ನೀರು ಹಾಕುತ್ತಿದ್ದ ಹೊಂಗೆಗೆ ತಾಯಿ ನೀಲವ್ವ ಯಾರಿಗೂ ನೀರು ಹಾಕಗೊಡಲಿಲ್ಲ, ತಾನೂ ಹಾಕಲಿಲ್ಲ. ಅದು “ಅವ್ವಾ” ಎನ್ನುವುದನ್ನು ಕೇಳಲು ದಿನವೂ ಬರುತ್ತಿದ್ದಳು. ಬೇಸಿಗೆಗೆ ಎಲೆ ಉದುರತೊಡಗಿತು.

ಐದನೇ ತರಗತಿಯ ರುಬೀನಾ ಕೊಡ ಹೊತ್ತು ಬಂದಳು.

“ಚಿಗವ್ವಾ, ಗಿಡ ಒಣಗಾಕತ್ತೈತಿ. ನೀರ್ ಹಾಕ್ಲೇನ್ರಿ?”

“ಹಾಕಿದ್ರ ನಿನ್ನ ದನಿ ಬರ್ತದಲ್ಲವ್ವಾ.”

“ಹೌದ್ರಿ. ನಂದು ಕಾಗಿ ದನಿ ಅಂತಾರ ಎಲ್ಲಾರೂ.”

ನೀಲವ್ವನಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. “ಹಾಕು, ಮಗಳ. ಗಿಡಾದ್ರೂ ಉಳೀಲಿ.”

ರುಬೀನಾ ಕೊಡವನ್ನು ಕೆಳಗಿಟ್ಟಳು. “ಮೊದಲ ನೀವು ಕೇಳ್ಕೋರಿ. ನನಗೇನು ಅವಸರ ಇಲ್ಲ.”

ನೀಲವ್ವ ಕಾಂಡಕ್ಕೆ ಕಿವಿಯಿಟ್ಟಳು. ಗಂಟೆ ಹೊಡೆಯಿತು, ಮಕ್ಕಳೆಲ್ಲ ಒಳಗೆ ಓಡಿದರು. ಕೊಡದ ಪಕ್ಕ ಕೂತಿದ್ದ ರುಬೀನಾಳನ್ನು ಮಾತ್ರ, ನೀಲವ್ವನನ್ನು ಕಂಡು, ಯಾವ ಮೇಷ್ಟ್ರೂ ಕರೆಯಲಿಲ್ಲ.