ತುಂಬಿದ ಚೊಂಬು

ಮನೆ ನೋಡಲು ಬಂದವರೆಲ್ಲ ಮಾಡುವಂತೆ ಕೆಂಚಮ್ಮ ತುಂಬಿದ ಚೊಂಬನ್ನು ಹತ್ತನೇ ಮಹಡಿಯ ನೆಲದ ಮೇಲಿಟ್ಟು, ನೀರು ಚೆಲ್ಲುತ್ತದೋ ನೋಡಲು ದಿನಾ ಸಂಜೆ ಬರುವ ಭೂಕಂಪಕ್ಕೆ ಕಾದಳು. ಬಾಣಂತಿ ಮಗಳನ್ನೂ ಕೂಸನ್ನೂ ಕರೆತರಲು ಅವಳಿಗೊಂದು ಬಾಡಿಗೆ ಮನೆ ಬೇಕಿತ್ತು.

ಕಟ್ಟಡ ತೂಗಾಡಿತು. ಚೊಂಬು ಉರುಳಿ ನೀರೆಲ್ಲ ಚೆಲ್ಲಿತು. ಕಿಟಕಿಯಿಂದ ಬಗ್ಗಿ ನೋಡಿದರೆ, ಪಕ್ಕದ ಹಳೇ ಮನೆಯ ತಾರಸಿಯಲ್ಲಿ ಒಬ್ಬಾಕೆ ಆರಾಮಾಗಿ ಹೂ ಕಟ್ಟುತ್ತಿದ್ದಳು.

“ಅದೂ ಇದರ ಹಾಗೇ ಕೆರೆ ಮುಚ್ಚಿದ ಜಾಗಾನೇ ಅಲ್ವಾ? ಅಷ್ಟು ಗಟ್ಟಿನಾ ಆ ಮನೆ?” ಎಂದು ಕೇಳಿದಳು ಕೆಂಚಮ್ಮ.

“ಗಟ್ಟಿ ಗಿಟ್ಟಿ ಏನಿಲ್ಲ. ಗಿಡ್ಡ ಅಷ್ಟೇ,” ಎಂದ ಮನೆ ತೋರಿಸಲು ಬಂದಿದ್ದ ಮಾಲೀಕ ರುದ್ರೇಶಪ್ಪ. “ಕೆರೆಮಣ್ಣು ನಿಧಾನಕ್ಕೆ ತೂಗುತ್ತೆ ಅಮ್ಮ. ಅದರ ತಾಳಕ್ಕೆ ಕುಣಿಯೋದು ಇಂಥ ಎತ್ತರದ ಕಟ್ಟಡಗಳೇ.”

ನಗುತ್ತಾ ಬೀಗದ ಕೈ ಚಾಚಿದ. “ತಗೊಳ್ಳಿ. ಕೂಸಿನ ತೊಟ್ಟಿಲು ತಾನಾಗೇ ತೂಗುತ್ತೆ, ನಿಮಗೆ ಕೆಲಸ ಉಳೀತು.”

ಕೆಂಚಮ್ಮ ಖಾಲಿ ಚೊಂಬನ್ನು ಸೆರಗಿನಿಂದ ಒರೆಸಿಕೊಂಡಳು.

“ಬೇಡ.”